ಗೊಡ್ಡು ಹಸಿರು

ಆ ವರ್ಷ ಕಾಗಿಣಾ ನದಿಯ ಎರಡೂ ದಂಡೆಗಳಲ್ಲಿ ತೊಗರಿ ಆಳೆತ್ತರ ಮೀರಿ ಬೆಳೆದಿತ್ತು. ಮಳೆ ಹದವಾಗಿ ಬಿದ್ದಿತ್ತು. ಎರೆಮಣ್ಣು ತೇವ ಹಿಡಿದುಕೊಂಡಿತ್ತು. ಕಾಂಡಗಳು ಹೆಬ್ಬೆರಳಿಗಿಂತ ದಪ್ಪಗಿದ್ದವು. ದಸರೆಯ ಹೊತ್ತಿಗೆ ಹೂ ಬರಬೇಕಿತ್ತು, ಬರಲಿಲ್ಲ. ದೀಪಾವಳಿಗೆ ಬಂದೀತೆಂದು ಜನ ಕಾದರು. ದೀಪಾವಳಿ ಕಳೆದು ಹದಿನೈದು ದಿನವಾದರೂ ಯಾವ ಹೊಲದಲ್ಲೂ ಹಳದಿ ಬಣ್ಣ ಕಾಣಲಿಲ್ಲ. ಎಲೆಯ ಮೇಲೆ ಎಲೆ, ಟೊಂಗೆಯ ಮೇಲೆ ಟೊಂಗೆ, ಅಷ್ಟೇ.

ನೀಲಗಂಗಾ ಒಂದು ಭಾನುವಾರ ಬೆಳಗಿನ ಬಸ್ಸು ಹಿಡಿದು ತವರಿಗೆ ಹೋದಳು. ಅಣ್ಣ ಮಲ್ಕಣ್ಣ ಬಸ್‌ಸ್ಟ್ಯಾಂಡಿನಿಂದ ಅವಳನ್ನು ಮನೆಗೆ ಕರೆದೊಯ್ಯಲಿಲ್ಲ, ನೇರ ಹೊಲಕ್ಕೇ ಕರೆದೊಯ್ದ.

“ನೋಡವಾ, ಒಳಗ ಹೊಕ್ಕರ ಮನಷ್ಯಾ ಕಾಣಂಗಿಲ್ಲ. ಇಂಥಾ ಬೆಳಿ ನಮ್ಮ ಮುತ್ಯಾನೂ ನೋಡಿದ್ದಿಲ್ಲ. ಆದ್ರ ಹೂ ಎಲ್ಲದ? ನಿಮ್ಮ ಆಫೀಸಿನ ಮಷೀನ್ ಏನಂತದ?”

“ರೋಗ ಇಲ್ಲ ಅಂತದ ಅಣ್ಣಾ. ಡ್ರೋನ್ ಹಾರ್ಸಿ ಮೂರು ಸಲ ನೋಡ್ಯಾರ. ಬಿಸಿಲಿನ ಝಳಕ್ಕ ಹಿಂಗಾಗ್ಯಾದ, ಜೇನ್ನೊಣ ಕಡಿಮಿ ಆಗ್ಯಾವ ಅಂತ ಮ್ಯಾಗಿನವ್ರು ಅಂತಾರ.”

“ಹೂವೇ ಇಲ್ಲಂದಮ್ಯಾಲ ಜೇನ್ನೊಣ ಯಾಕ ಬರ್ತಾವ?” ಮಲ್ಕಣ್ಣ ಒಂದು ಟೊಂಗೆ ಬಗ್ಗಿಸಿ ಬಿಟ್ಟ. “ಅಪ್ಪ ಹೇಳ್ತಿದ್ದ. ಗೊಡ್ಡು ರೋಗ ಬಂದ್ರ ಗಿಡ ಹಸರಿರ್ತದ, ಕಾಯಿ ಇರಂಗಿಲ್ಲ ಅಂತ. ಇದು ಹಂಗೇ ಕಾಣ್ತದಲ್ಲ?”

“ಮೊದಲ ಅದೇ ಅನುಮಾನ ಬಂದಿತ್ತು. ಪರೀಕ್ಷಿ ಮಾಡಿಸ್ಯಾರ, ಇಲ್ಲ ಅಂತ ಬಂದದ. ಮಷೀನೂ ಇಲ್ಲ ಅಂದದ.”

ಮೂರು ವರ್ಷದ ಹಿಂದೆ ಹೊಸ ತಳಿ ಹಾಕಲೋ ಬೇಡವೋ ಎಂದು ಮಲ್ಕಣ್ಣ ತಂಗಿಯನ್ನೇ ಕೇಳಿದ್ದ. ಕಾಗಿಣಾ-41 ಎಂಬ ಆ ತಳಿಯನ್ನು ಜನ ಬರೀ ‘ನಲವತ್ತೊಂದು’ ಎನ್ನುತ್ತಿದ್ದರು. “ಕಣ್ಣು ಮುಚ್ಚಿ ಹಾಕಣ್ಣಾ, ಅದರ ಒಂದೊಂದು ಎಲಿ ನಾ ನೋಡೀನಿ” ಎಂದು ನೀಲಗಂಗಾ ಹೆಮ್ಮೆಯಿಂದ ಹೇಳಿದ್ದಳು. ಅವನು ಹಾಕಿದ. ಅವನನ್ನು ನೋಡಿ ಊರೇ ಹಾಕಿತು. ಮೊದಲೆರಡು ವರ್ಷ ಬೆಳೆ ಭರ್ಜರಿಯಾಗಿ ಬಂತು.

ಅವಳು ಹೇಳಿದ್ದು ಸುಳ್ಳಲ್ಲ. ನದಿಯಾಚೆಯ ತೊಗರಿ ಸಂಶೋಧನಾ ಕೇಂದ್ರದಲ್ಲಿ ಅವಳದು ಗುರುತು ಹಾಕುವ ಕೆಲಸ. ಅಲ್ಲಿ ಗಾಜಿನ ಮನೆಯೊಳಗೆ ಆರು ಸಾವಿರ ಕುಂಡಗಳು ಬೆಲ್ಟಿನ ಮೇಲೆ ಹಗಲಿಡೀ ಚಲಿಸುತ್ತಿದ್ದವು. ಪ್ರತಿ ಕುಂಡವೂ ದಿನಕ್ಕೊಮ್ಮೆ ಬೆಳಕಿನ ಕೋಣೆಯನ್ನು ಹಾದುಹೋಗಬೇಕು. ಒಂದು ಕ್ಯಾಮೆರಾ ಬಣ್ಣ ನೋಡುತ್ತಿತ್ತು, ಇನ್ನೊಂದು ಎಲೆಯ ಬಿಸಿ ಅಳೆಯುತ್ತಿತ್ತು, ಮತ್ತೊಂದು ಗಿಡವನ್ನು ಸುತ್ತಲಿಂದ ಅಳೆದು ಅದು ನಿನ್ನೆಗಿಂತ ಎಷ್ಟು ಬೆಳೆದಿದೆ ಎಂದು ಲೆಕ್ಕ ಹಾಕುತ್ತಿತ್ತು. ಹಿಂದೆ ಇಪ್ಪತ್ತು ಜನ ಒಂದು ಹಂಗಾಮಿಡೀ ಮಾಡುತ್ತಿದ್ದ ಕೆಲಸವನ್ನು ಯಂತ್ರ ಒಂದೇ ಮಧ್ಯಾಹ್ನದಲ್ಲಿ ಮುಗಿಸುತ್ತಿತ್ತು. ಆದರೆ ಆರೋಗ್ಯ ಯಾವುದು, ರೋಗ ಯಾವುದು ಎಂಬುದು ಯಂತ್ರಕ್ಕೆ ಹುಟ್ಟಿನಿಂದ ಬಂದ ಜ್ಞಾನವಲ್ಲ. ಅದನ್ನು ಮನುಷ್ಯರೇ ಕಲಿಸಬೇಕು. ಲಕ್ಷಾಂತರ ಎಲೆಗಳ ಚಿತ್ರ ನೋಡಿ ‘ಆರೋಗ್ಯ’, ‘ರೋಗ’ ಎಂದು ಒಂದೊಂದಕ್ಕೂ ಗುಂಡಿ ಒತ್ತಬೇಕು. ಆರು ವರ್ಷದ ಹಿಂದೆ ಆ ಕೆಲಸಕ್ಕೆ ನಾಲ್ವರು ಹೆಂಗಸರಿದ್ದರು. ಮೂವರು ಬಿಟ್ಟುಹೋದರು, ನೀಲಗಂಗಾ ಒಬ್ಬಳೇ ಉಳಿದಳು. ಯಂತ್ರ ಎಲೆ ನೋಡುವುದನ್ನು ಕಲಿತದ್ದು ಬಹುಪಾಲು ಅವಳ ಕಣ್ಣಿನಿಂದಲೇ.

ಅವಳು ಅಭ್ಯಾಸಬಲದಿಂದ ಒಂದು ಚಿಗುರು ಮುರಿದು ಬೆಳಗಿನ ಓರೆ ಬಿಸಿಲಿಗೆ ಹಿಡಿದಳು. ಮೊದಲು ಏನೂ ಕಾಣಲಿಲ್ಲ. ಬೆರಳಲ್ಲಿ ಸ್ವಲ್ಪ ತಿರುಗಿಸಿದಳು. ಹಸಿರಿನ ಒಳಗೆ ಇನ್ನೊಂದು ತಿಳಿ ಹಸಿರು, ಮಜ್ಜಿಗೆಯ ಹನಿ ಬಿದ್ದು ಒಣಗಿದ ಹಾಗೆ, ನರಗಳ ನಡುವೆ ತೇಪೆ ತೇಪೆಯಾಗಿ ಕಂಡಿತು. ಎಲೆ ಅಲುಗಿದರೆ ಮಾಯವಾಗುತ್ತಿತ್ತು. ಇನ್ನೊಂದು ಗಿಡದ ಚಿಗುರು ಮುರಿದಳು. ಅದರಲ್ಲೂ ಇತ್ತು. ಮೂರನೆಯದರಲ್ಲೂ ಇತ್ತು.

ಈ ತೇಪೆಯನ್ನು ಅವಳು ಹಿಂದೆ ಒಮ್ಮೆ ನೋಡಿದ್ದಳು. ಎಲ್ಲಿ ನೋಡಿದ್ದು ಎಂಬುದು ನೆನಪಾದಾಗ ಬದುವಿನ ಮೇಲೆ ಕುಳಿತುಬಿಟ್ಟಳು.

“ಯಾಕ, ಏನಾತು?” ಎಂದ ಮಲ್ಕಣ್ಣ.

“ಏನಿಲ್ಲ. ಬಿಸಲ” ಎಂದಳು. ಹೊತ್ತು ಇನ್ನೂ ಎಂಟೂ ಆಗಿರಲಿಲ್ಲ.

*

ಆರು ವರ್ಷದ ಹಿಂದಿನ ಆಗಸ್ಟ್ ತಿಂಗಳು. ಮಗಳು ಭಾಗುಗೆ ಆಗ ಮೂರು ವರ್ಷ, ಡೆಂಗಿ ಜ್ವರ. ಕಲಬುರಗಿಯ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ಏಳು ದಿನ ಮಲಗಿಸಿದ್ದರು. ರಜೆ ಕೇಳಿದ್ದಕ್ಕೆ ಆಗಿನ ಮೇಲಧಿಕಾರಿ ಟ್ಯಾಬ್ಲೆಟ್ ಕೊಟ್ಟು ಕಳಿಸಿದ್ದರು. ಆಸ್ಪತ್ರೆಯಲ್ಲೇ ಕುಳಿತು ಮಾಡು, ದಿನಕ್ಕೆ ಸಾವಿರದ ಇನ್ನೂರು ಎಲೆ ಮುಗಿಯಲೇಬೇಕು, ಯಂತ್ರದ ಪಾಠ ನಿಲ್ಲಬಾರದು ಎಂದಿದ್ದರು. ಮಗುವಿನ ಕೈಗೆ ಸೂಜಿ ಚುಚ್ಚಿತ್ತು. ಸಲೈನ್ ಬಾಟಲಿಯ ಹನಿ ನೋಡುತ್ತ, ದಾದಿಯ ಮುಖ ನೋಡುತ್ತ, ನಡುನಡುವೆ ತೊಡೆಯ ಮೇಲಿದ್ದ ಎಲೆಗಳನ್ನು ನೋಡುತ್ತ ಕುಳಿತಿದ್ದಳು. ಎದುರಿನ ಕಿಟಕಿಯ ಬಿಸಿಲು ಪರದೆಯ ಮೇಲೆ ಬಿದ್ದು ಹೊಳೆಯುತ್ತಿತ್ತು.

ಎರಡನೆಯ ದಿನ ಒಂದು ಎಲೆಯಲ್ಲಿ ಆ ತೇಪೆ ಕಂಡಿತು. ಬಿಸಿಲಿನ ಹೊಳಪೋ, ಎಲೆಯದೇ ಬಣ್ಣವೋ ತಿಳಿಯಲಿಲ್ಲ. ಪರದೆಯ ಕೆಳಗೆ ಮೂರನೆಯ ಗುಂಡಿಯೊಂದಿತ್ತು, ‘ಅನುಮಾನ’. ಅದನ್ನು ಒತ್ತಿದರೆ ಒಂದು ಫಾರ್ಮ್ ತೆರೆದುಕೊಳ್ಳುತ್ತಿತ್ತು. ಯಾಕೆ ಅನುಮಾನ, ಎಲೆಯ ಯಾವ ಭಾಗದಲ್ಲಿ, ಎಷ್ಟು ದೊಡ್ಡದು ಎಂದೆಲ್ಲ ಐದು ಸಾಲು ಬರೆದು ವಿಜ್ಞಾನಿಗಳಿಗೆ ಕಳಿಸಬೇಕು. ನಾಲ್ಕು ನಿಮಿಷ ಹಿಡಿಯುತ್ತಿತ್ತು. ಅದೇ ಹೊತ್ತಿಗೆ ದಾದಿ ಬಂದು, ಪ್ಲೇಟ್‌ಲೆಟ್ ಇಪ್ಪತ್ತೆರಡು ಸಾವಿರಕ್ಕಿಳಿದಿದೆ, ರಕ್ತ ಕೊಡುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದಳು.

ನೀಲಗಂಗಾ ‘ಆರೋಗ್ಯ’ ಒತ್ತಿ ಎದ್ದಳು. ಮತ್ತೆ ಬಂದು ಕುಳಿತಾಗ ಅಂಥವೇ ಎಲೆಗಳು ಸಾಲಾಗಿ ಬಂದವು. ಮೊದಲನೆಯದಕ್ಕೆ ಹಾಗೆ ಒತ್ತಿಯಾಗಿತ್ತು, ಉಳಿದವಕ್ಕೂ ಹಾಗೇ ಒತ್ತಿದಳು. ಏಳು ದಿನದಲ್ಲಿ ಎಂಟು ಸಾವಿರ ಎಲೆಗಳು. ಭಾಗು ಬದುಕಿದಳು. ಆ ಸಂತೋಷದಲ್ಲಿ ಎಲೆಗಳು ಮರೆತುಹೋದವು.

ಯಂತ್ರ ಮರೆಯಲಿಲ್ಲ. ಅಂಥ ತೇಪೆಯೂ ಆರೋಗ್ಯವೇ ಎಂದು ಕಲಿತಿತು. ರೋಗವನ್ನು ಒಳಗಿಟ್ಟುಕೊಂಡೇ ಹುಲುಸಾಗಿ ಬೆಳೆಯುವ ತಳಿಯೊಂದನ್ನು ಆರು ಸಾವಿರದಲ್ಲಿ ಮೊದಲನೆಯದೆಂದು ಆರಿಸಿ ಕೊಟ್ಟಿತು. ನಲವತ್ತೊಂದರ ಮೈಯಲ್ಲಿ ಎರಡು ವರ್ಷ ಸುಮ್ಮನಿದ್ದ ವೈರಸ್ಸು, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳ ಮೇಲೇರಿ ಹೊಲದಿಂದ ಹೊಲಕ್ಕೆ ಹರಡಿ, ಬಲಿತು, ಮೂರನೆಯ ವರ್ಷ ತನ್ನ ಗುಣ ತೋರಿಸಿತ್ತು. ಪರೀಕ್ಷೆಯ ಕಿಟ್ಟುಗಳು ಹಳೆಯ ವೈರಸ್ಸಿಗೆ ಮಾಡಿದವು, ಹೊಸ ರೂಪ ಅವಕ್ಕೆ ಸಿಗುವಂತಿರಲಿಲ್ಲ. ಡ್ರೋನಿನಲ್ಲಿದ್ದುದೂ ಅದೇ ಯಂತ್ರದ ಬುದ್ಧಿ. ಅವಳ ಕಣ್ಣೇ ಜಿಲ್ಲೆಯ ಮೇಲೆಲ್ಲ ಹಾರಾಡಿ, ಏನೂ ಇಲ್ಲ, ಏನೂ ಇಲ್ಲ ಎಂದು ಹೇಳಿಕೊಂಡು ಬಂದಿತ್ತು.

*

ಆ ಭಾನುವಾರ ಸಂಜೆ ಕೇಂದ್ರದ ಕ್ವಾರ್ಟರ್ಸಿಗೆ ಬಂದವಳು ಗಂಡನಿಗೆ ಎಲ್ಲ ಹೇಳಿದಳು. ರೇವಣಸಿದ್ದ ಕಲಬುರಗಿಯ ದಾಲ್‌ಮಿಲ್ಲಿನಲ್ಲಿ ಯಂತ್ರ ನಡೆಸುವವನು. ತೊಗರಿ ಬರುವ ಲಕ್ಷಣವಿಲ್ಲವೆಂದು ಮಿಲ್ಲಿನವರು ಇಪ್ಪತ್ತು ದಿನದ ಹಿಂದೆ ಎಲ್ಲರನ್ನೂ ಮನೆಗೆ ಕಳಿಸಿದ್ದರು. ಅವನು ಹೆಸರುಬೇಳೆ ಆರಿಸುತ್ತ ಕುಳಿತಿದ್ದ. ಅಂಗಡಿಗಳಲ್ಲಿ ತೊಗರಿಬೇಳೆ ಕಾಣದಾಗಿ ಎಷ್ಟೋ ದಿನವಾಗಿತ್ತು.

“ನೀ ಒಬ್ಬಾಕಿ ಗುಂಡಿ ಒತ್ತಿದ್ದಕ್ಕ ಜಿಲ್ಲಾನೇ ಮುಳಗ್ತದೇನು?” ಎಂದ. “ದೊಡ್ಡ ದೊಡ್ಡ ಸಾಹೇಬ್ರು ಇದ್ರಲ್ಲ, ಅವ್ರ ಕಣ್ಣಾಗ ಏನ್ ಬಿದ್ದಿತ್ತು?”

“ಅವ್ರು ನನ್ನ ಕಣ್ಣು ನಂಬಿದ್ರು. ಮಷೀನ್ ಖರೇ ಹೇಳ್ತದೋ ಸುಳ್ಳ ಹೇಳ್ತದೋ ಅಂತ ತಾಳೆ ಹಾಕಿ ನೋಡಿದ್ದು ಸೈತ ನನ್ನ ಗುರುತಿನ ಜೋಡೀನೇ. ನೂರಕ್ಕ ತೊಂಬತ್ತೆಂಟು ಸರಿ ಅಂತ ಬಂತು. ಬರಲಾರದ ಏನ್ರೀ, ಅದೂ ನಾನೇ, ಇದೂ ನಾನೇ.”

“ಈಗ ಹೇಳಿದ್ರ ಹೂ ಬರ್ತದೇನು?”

ಅವಳು ಅವನ ಮುಂದಿನ ಬೇಳೆಯಿಂದ ಒಂದು ಕಲ್ಲು ಹೆಕ್ಕಿ ಎಸೆದಳು.

“ಬರಂಗಿಲ್ಲ ಅಲ್ಲ? ಹಂಗಾದ್ರ ಸುಮ್ಮಿರು. ಮಿಲ್ ಮುಚ್ಚ್ಯಾದ. ನಿನ್ನ ಕೆಲಸಾನೂ ಹೋದ್ರ ಈ ಕ್ವಾರ್ಟರ್ಸ್ ಬಿಟ್ಟು ಎಲ್ಲಿಗಿ ಹೋಗಬೇಕು? ಅದಿರ್ಲಿ, ಮಂದಿಗಿ ಗೊತ್ತಾದ್ರ ನಿನ್ನ ಬಿಡ್ತಾರೇನು? ಮಲ್ಕಣ್ಣಗ ಮುಖ ಹೆಂಗ ತೋರಿಸ್ತಿ?”

ಭಾಗು ಬಾಗಿಲ ಬಳಿ ನಿಂತು ಜಡೆಯ ರಿಬ್ಬನ್ ಬಿಚ್ಚುತ್ತಿದ್ದಳು. ಒಂಬತ್ತು ವರ್ಷ, ಕಡ್ಡಿಯಂಥ ಕೈಕಾಲು, ಮಾತು ಮಾತ್ರ ಪಟಪಟ. “ಅವ್ವಾ, ಹೊಟ್ಟಿ ಹಸದದ” ಎಂದಳು. ನೀಲಗಂಗಾ ಅವಳನ್ನೇ ನೋಡಿದಳು. ಆ ವಾರ ಮತ್ತೊಮ್ಮೆ ಬಂದರೂ ತಾನು ಎಲೆ ಬಿಟ್ಟು ಮಗುವಿನ ಕಡೆಗೇ ಏಳುತ್ತೇನೆ ಎಂಬುದು ಅವಳಿಗೆ ಗೊತ್ತಿತ್ತು. ಹೋಗಿ ಬಂದ ಮೇಲಾದರೂ ಆ ಮೂರನೆಯ ಗುಂಡಿ ಒತ್ತಬಹುದಿತ್ತಲ್ಲ ಎಂಬುದೂ ಗೊತ್ತಿತ್ತು. ಎದ್ದು ರೊಟ್ಟಿಗೆ ಹಿಟ್ಟು ನಾದಿದಳು.

ಸೋಮವಾರ ಸುಮ್ಮನಿದ್ದಳು. ಮಂಗಳವಾರ ಒಂದು ಪತ್ರ ಬರೆದು ಅಳಿಸಿದಳು. ಬುಧವಾರ ಧೈರ್ಯ ಮಾಡಿ ಕೇಂದ್ರದ ಮುಖ್ಯಸ್ಥೆ ಡಾ. ಸಬೀಹಾ ಅವರ ಕೋಣೆಗೆ ಹೋದಳು. ಬೀದರ್ ಕಡೆಯ ಈ ಹೆಂಗಸು ಕೇಂದ್ರಕ್ಕೆ ಬಂದು ಎರಡು ವರ್ಷವಾಗಿತ್ತಷ್ಟೇ. ತಾವು ಆರಿಸದ ತಳಿಯೊಂದಕ್ಕಾಗಿ ದಿನಾ ರಾಜಧಾನಿಯಿಂದ ಬೈಸಿಕೊಳ್ಳುತ್ತಿದ್ದರು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಅರ್ಧ ಕಚ್ಚಿದ ಬಿಸ್ಕತ್ತು. ಕಣ್ಣು ಕೆಂಪಗಿದ್ದವು.

“ಏನ್ ನೀಲಗಂಗಾ?”

“ಏನಿಲ್ಲ ಮೇಡಂ. ಮೂರನೇ ಬೆಲ್ಟಿನ ಕ್ಯಾಮೆರಾ ಒರಸ್ಬೇಕಾಗ್ಯಾದ, ಕೇಳಾಕ ಬಂದಿದ್ದೆ.”

“ಅದಕ್ಕೂ ನನ್ನೇ ಕೇಳ್ತೀಯೇನವಾ? ಒರೆಸು ಹೋಗು.”

*

ಶುಕ್ರವಾರ ತೀರ್ಪಿನ ದಿನ.

ಬಿಸಿಲಿಗೆ ತಡೆಯುವ ಹೊಸ ತಳಿಯೊಂದು ತುರ್ತಾಗಿ ಬೇಕೆಂದು ಸರ್ಕಾರ ಕೇಳಿತ್ತು. ಬೀಜಭಂಡಾರದಲ್ಲಿದ್ದ ಹಳೆಯ ನಾಟಿ ತಳಿಗಳನ್ನೆಲ್ಲ ಹೊರತೆಗೆದು ಆರು ಸಾವಿರ ಕುಂಡಗಳಲ್ಲಿ ಬಿತ್ತಿದ್ದರು. ಕೆಲವುಗಳ ಬೀಜ ಡಬ್ಬಿಯಲ್ಲಿ ಹತ್ತೂ ಉಳಿದಿರಲಿಲ್ಲ, ಇದ್ದಬದ್ದವೆಲ್ಲ ಮಣ್ಣಿಗೆ ಹೋಗಿದ್ದವು. ಈಗ ಸಸಿಗಳಿಗೆ ನಲವತ್ತೈದು ದಿನ. ಹೂವಿನ ಮಾತು ಇನ್ನೂ ದೂರ. ಎಲೆ ನೋಡಿಯೇ ಯಂತ್ರ ಮುನ್ನೂರನ್ನು ಉಳಿಸಿಕೊಂಡು, ಉಳಿದವನ್ನು ಕಟ್ಟಡದ ಹಿಂದಿನ ಸುಡುವ ಭಟ್ಟಿಗೆ ಕಳಿಸಬೇಕು. ಒಳಗೆ ಬಂದ ಗಿಡ ಜೀವಂತ ಹೊರಗೆ ಹೋಗಬಾರದೆಂಬುದು ಅಲ್ಲಿನ ನಿಯಮ. ಮುಂದಿನ ತಂಡದ ಸಸಿಗಳಿಗೆ ಜಾಗವೂ ಬೇಕಿತ್ತು.

ಐವತ್ತು ಕುಂಡಗಳ ಒಂದೊಂದು ತಟ್ಟೆ ಭಟ್ಟಿಯ ಬಾಯಿಗೆ ಬಂದಾಗಲೂ ಕಂಟ್ರೋಲ್ ರೂಮಿನಲ್ಲಿ ಕುಳಿತವರು ಸಂಖ್ಯೆ ತಾಳೆ ನೋಡಿ ‘ಒಪ್ಪಿಗೆ’ ಎಂದು ಒತ್ತಬೇಕು. ಆ ದಿನ ಆ ಕುರ್ಚಿ ನೀಲಗಂಗಾಳದು. ಬೆಳಗಿನ ಹತ್ತಕ್ಕೆ ಬೆಲ್ಟು ಹೊರಟಿತು.

ಒಪ್ಪಿಗೆ. ಒಪ್ಪಿಗೆ. ಗಾಜಿನಾಚೆ ಗಿಡಗಳು ಸಾಲಾಗಿ ಹೋಗುತ್ತಿದ್ದವು. ಅವಳು ಸಂಖ್ಯೆಗಳನ್ನಷ್ಟೇ ನೋಡಬೇಕೆಂದುಕೊಂಡಿದ್ದಳು. ಕಣ್ಣು ಕೇಳಲಿಲ್ಲ, ಎಲೆಗಳ ಮೇಲೆ ಹೋಯಿತು. ನದಿಯಾಚೆಯ ಹೊಲಗಳಿಂದ ನುಸಿ ಯಾವಾಗಲೋ ಒಳಗೆ ಬಂದಿತ್ತು, ಹೆಚ್ಚುಕಮ್ಮಿ ಎಲ್ಲ ಎಲೆಗಳಲ್ಲೂ ತಿಳಿ ತೇಪೆ. ರೋಗದ ಗಿಡ ಎಲೆಗೇ ಎಲ್ಲ ಶಕ್ತಿ ಸುರಿಯುತ್ತದೆ, ಪೊದೆಯಂತೆ ಹಬ್ಬುತ್ತದೆ. ಯಂತ್ರ ಉಳಿಸಿಕೊಂಡ ಮುನ್ನೂರೂ ಅಂಥವೇ. ಅಷ್ಟರಲ್ಲಿ ಭಟ್ಟಿಯ ಕಡೆ ಹೊರಟ ತಟ್ಟೆಯೊಂದರ ಮೂಲೆಯಲ್ಲಿ ಗಿಡ್ಡನೆಯ, ನಾಲ್ಕೇ ಟೊಂಗೆಯ, ಒಂದೇ ಬಣ್ಣದ ಗಾಢ ಹಸಿರು ಎಲೆಗಳ ಸಸಿಯೊಂದು ಕಂಡಿತು. ಪರದೆಯಲ್ಲಿ ಅದರ ಮುಂದೆ ‘ದುರ್ಬಲ’ ಎಂದಿತ್ತು. ತೇಪೆಯಿರಲಿಲ್ಲ. ಇಷ್ಟು ರೋಗದ ನಡುವೆ ನಿಂತೂ ರೋಗ ಹತ್ತಿಸಿಕೊಳ್ಳದ ಗಿಡ ಅದು.

ಅವಳ ಬೆರಳು ಆಗಲೇ ಒಪ್ಪಿಗೆ ಒತ್ತಿಯಾಗಿತ್ತು. ತಟ್ಟೆ ಒಳಗೆ ಹೋಯಿತು, ಬಾಗಿಲು ಮುಚ್ಚಿತು.

ಮುಂದಿನ ತಟ್ಟೆಗಳಿಗೂ ಒತ್ತಿದಳು. ಯಾಕೆ ಒತ್ತಿದೆ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು, ತಿಳಿಯಲಿಲ್ಲ. ಕೈ ಅದರ ಪಾಡಿಗೆ ಅದು ಒತ್ತುತ್ತಿತ್ತು. ಗಂಡನ ಮಾತು, ಮಗಳ ರಿಬ್ಬನ್ನು, ಸಾಮಾನು ಹೇರಿದ ಟೆಂಪೋ ಎಲ್ಲ ಕಣ್ಣ ಮುಂದೆ ಬರುತ್ತಿದ್ದವು. ನಲವತ್ತಾರನೆಯ ತಟ್ಟೆ ಹೋದ ಮೇಲೆ ಅಂಥದೇ ಇನ್ನೊಂದು ಗಿಡ್ಡ ಸಸಿ ಬಂತು. ಅವಳು ಎದ್ದು ನಿಂತು ಗೋಡೆಯ ಮೇಲಿದ್ದ ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದಳು. ಎರಡು ಸಲ ಗುದ್ದಿದಳು. ಗಂಟೆ ಹೊಡೆಯಿತು. ಇಡೀ ಗಾಜಿನ ಮನೆ ಗಕ್ಕನೆ ನಿಂತಿತು.

ಸಬೀಹಾ ಓಡಿಬಂದರು. “ಯಾರ ಕೈ ಸಿಕ್ಕೊಂಡದ? ಏನಾತು?”

“ಕೈ ಸಿಕ್ಕಿಲ್ಲ ಮೇಡಂ. ನಾನೇ ನಿಂದ್ರಿಸೀನಿ. ಸುಡಬಾರದಂಥವು ಸುಡ್ಲಕತ್ತಾವ. ಇದು ಬಿಸಿಲಲ್ಲ ಮೇಡಂ, ಗೊಡ್ಡು ರೋಗ. ಮಷೀನಿಗಿ ಕಾಣಲ್ಲ. ಯಾಕಂದ್ರ ನಾ ಅದಕ್ಕ ತಪ್ಪು ಕಲಿಸೀನಿ.”

ನಿಂತಲ್ಲೇ ಎಲ್ಲ ಹೇಳಿದಳು. ವಾರ್ಡು, ಕಿಟಕಿ, ಮೂರನೆಯ ಗುಂಡಿ, ಎಂಟು ಸಾವಿರ ಎಲೆ. ಸಬೀಹಾ ಹಳೆಯ ಚಿತ್ರಗಳನ್ನು ತೆರೆದರು. ಆ ವರ್ಷದ ಆಗಸ್ಟ್, ಹನ್ನೊಂದರಿಂದ ಹದಿನೇಳು. ಮೊದಲ ಎಲೆ, ಎರಡನೆಯದು, ಹತ್ತನೆಯದು. ನೀಲಗಂಗಾ ಬೆರಳಿಂದ ತೇಪೆ ತೋರಿಸಿದಳು. ಸಬೀಹಾ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

“ನನಗೇನೂ ಕಾಣವಲ್ದು.”

“ಅದಾವ ಮೇಡಂ. ಆಣಿ ಮಾಡಿ ಹೇಳ್ತೀನಿ.”

“ಆಣಿ ಮ್ಯಾಲ ನಾ ಸರ್ಕಾರಕ್ಕ ಏನ್ ಬರೀಲಿ?” ಸಬೀಹಾ ಕುರ್ಚಿಯಲ್ಲಿ ಕುಸಿದರು. “ಯಾವಾಗ ಗೊತ್ತಾತು ನಿನಗ?”

“ಐತವಾರ.”

“ಐತವಾರ! ಇವತ್ತ ಶುಕ್ರವಾರ. ಬುಧವಾರ ನನ್ನ ಮುಂದ ಬಂದು ನಿಂತು ಕ್ಯಾಮೆರಾ ಒರಸ್ಬೇಕು ಅಂದಿ. ಇಲ್ಲಿತನಾ ಎಷ್ಟು ಹೋದ್ವು?”

“ಎರಡು ಸಾವಿರದ ಮುನ್ನೂರು.”

ಸಬೀಹಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಫೋನು ಹೊಡೆದುಕೊಳ್ಳತೊಡಗಿತು. ತೀರ್ಪು ಯಾಕೆ ನಿಂತಿದೆ ಎಂದು ರಾಜಧಾನಿಯಿಂದ ಕೇಳುತ್ತಿದ್ದರು. ಫೋನು ಎತ್ತಿ, “ಬೆಲ್ಟ್ ಕೆಟ್ಟದ ಸರ್, ರಿಪೇರಿ ಆಗಬೇಕು” ಎಂದು ಇಟ್ಟರು. ಆಮೇಲೆ ನೀಲಗಂಗಾಳ ಕಡೆ ತಿರುಗದೆಯೇ ಹೇಳಿದರು.

“ನಲವತ್ತು ಎಲಿ ತಗಿ. ಇಪ್ಪತ್ತು ರೋಗದ್ದು, ಇಪ್ಪತ್ತು ಚಲೋವು, ನಿನ್ನ ಕಣ್ಣಿಗಿ ಹೆಂಗ ಕಾಣ್ತಾವೋ ಹಂಗ. ಹೆಸರು ಬರೀಬ್ಯಾಡ, ನಂಬರ್ ಅಷ್ಟೇ. ವೈರಸ್ಸಿನ ಪೂರ್ತಿ ಜಾತಕಾನೇ ಓದೋ ಪ್ರಯೋಗಾಲಯಕ್ಕ ಕಳಸ್ತೀನಿ. ಅಲ್ಲಿತನಾ ಬೆಲ್ಟ್ ನಿಂತಿರ್ತದ. ನೀ ಸುಳ್ಳಾದ್ರ ನನ್ನ ನೌಕರಿ ಹೋಗ್ತದ. ಖರೇ ಆದ್ರ...”

ಮೂರು ಸಾವಿರದ ಏಳುನೂರು ಕುಂಡಗಳಲ್ಲಿ ಇಪ್ಪತ್ತು ಚಲೋ ಎಲೆ ಹುಡುಕುವುದೇ ಎರಡು ದಿನದ ಕೆಲಸವಾಯಿತು. ಒಂದೊಂದು ಗಿಡದಿಂದ ಎರಡು ಮೂರು ಎಲೆ ತೆಗೆದು ಲೆಕ್ಕ ಸರಿಮಾಡಿದಳು.

*

ಒಂಬತ್ತು ದಿನ ನೀಲಗಂಗಾ ಕೇಂದ್ರಕ್ಕೆ ಹೋದಳು, ಬಂದಳು. ನಿಂತ ಬೆಲ್ಟಿನ ಮೇಲಿನ ಗಿಡಗಳಿಗೆ ಕೈಯಿಂದ ನೀರುಣಿಸಿದಳು. ರೇವಣಸಿದ್ದ ಅವಳ ಜೊತೆ ಮಾತು ಬಿಟ್ಟಿದ್ದ. ಊಟಕ್ಕೆ ಕುಳಿತರೆ ಮಗಳ ಕಡೆ ನೋಡಿ, “ನಿಮ್ಮವ್ವಗ ಉಪ್ಪು ಕೊಡು ಅನ್ನು” ಎನ್ನುತ್ತಿದ್ದ. ಹತ್ತನೆಯ ದಿನ ಫಲಿತಾಂಶ ಬಂತು. ವೈರಸ್ಸಿನ ಹೊಸ ರೂಪ. ನಲವತ್ತರಲ್ಲಿ ಮೂವತ್ತೆಂಟನ್ನು ಅವಳ ಕಣ್ಣು ಸರಿಯಾಗಿ ಹೇಳಿತ್ತು.

ಸಬೀಹಾ ಅದನ್ನು ಓದಿ ಹೇಳುವಾಗ ಅವರ ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ. ಪೂರ್ತಿ ಜಿಲ್ಲೆಯ ಬೆಳೆ ಹೋದಂತೆಯೇ ಎಂಬುದು ಆ ಕಾಗದದಲ್ಲಿ ಬರೆದಿತ್ತು.

ಉಳಿದ ಕುಂಡಗಳನ್ನೆಲ್ಲ ಅವಳು ಇನ್ನೊಮ್ಮೆ ಒಂದೊಂದಾಗಿ ನೋಡಿದಳು. ಖಚಿತವಾಗಿ ರೋಗ ಹತ್ತದವು ಒಂಬತ್ತು. ಅವನ್ನು ಬಲೆಯ ಕೋಣೆಯಲ್ಲಿ ಪ್ರತ್ಯೇಕ ಇಟ್ಟರು. ಆಮೇಲೆ ಸಬೀಹಾ ಕೇಳಲಾರದೆ ಕೇಳಿದರು, “ಸುಟ್ಟವುಗಳ ಫೋಟೋ ಅದಾವಲ್ಲ?” ಇದ್ದವು. ಯಂತ್ರ ಭಟ್ಟಿಗೆ ಹೋದ ಪ್ರತಿ ಗಿಡದ ಚಿತ್ರವನ್ನೂ ಜೋಪಾನವಾಗಿಟ್ಟಿತ್ತು. ನೀಲಗಂಗಾ ಮೂರು ದಿನ ಕುಳಿತು ಅವನ್ನೂ ನೋಡಿದಳು. ಅವುಗಳಲ್ಲಿ ರೋಗವಿಲ್ಲದವು ಹದಿನಾರು. ಹನ್ನೊಂದಕ್ಕೆ ಬೀಜಭಂಡಾರದಲ್ಲಿ ಒಂದು ಕಾಳೂ ಉಳಿದಿರಲಿಲ್ಲ. ಅವುಗಳ ಹೆಸರುಗಳನ್ನು ಅವಳೇ ಪಟ್ಟಿ ಮಾಡಿ ಕೊಟ್ಟಳು. ಯಾವುದೋ ಊರಿನ, ಯಾರದೋ ಅಜ್ಜಿ ಡಬ್ಬಿಯಲ್ಲಿಟ್ಟು ಕೊಟ್ಟ, ಕೆಂಪು ತೊಗರಿ, ಗಿಡ್ಡ ತೊಗರಿ ಎಂಬಂಥ ಹೆಸರುಗಳು.

ಒಂಬತ್ತು ಗಿಡದ ಕಾಳು ಒಂಬತ್ತು ಹೊಲವಾಗಿ, ಜಿಲ್ಲೆಗಾಗುವಷ್ಟು ಬೀಜವಾಗಲು ನಾಲ್ಕು ವರ್ಷ ಬೇಕು. ಅದಕ್ಕೂ ಮೊದಲು ನುಸಿಗೆ ನೆಲೆಯಿಲ್ಲದಂತೆ ನಿಂತ ಬೆಳೆಯನ್ನೆಲ್ಲ ಬೇರುಸಮೇತ ಕಿತ್ತು ಸುಡಬೇಕೆಂದು ಆದೇಶ ಹೊರಟಿತು. ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರಕೂಡದೆಂದು ನೀಲಗಂಗಾಳಿಗೂ ಒಂದು ಪತ್ರ ಬಂತು. ಅದರ ಕೊನೆಯ ಸಾಲಿನಲ್ಲಿ, ಹೊಸದಾಗಿ ನೇಮಿಸಿದ ಇಪ್ಪತ್ತು ಜನಕ್ಕೆ ಎಲೆ ನೋಡುವುದನ್ನು ಕಲಿಸಿ ಹೋಗಬೇಕೆಂದೂ ಇತ್ತು. ಕಲಿಸಿದಳು.

ಆದೇಶವನ್ನು ಯಾವ ಊರಿನವರೂ ಪಾಲಿಸಲಿಲ್ಲ. ಹಸಿರಾಗಿ ನಿಂತ ಬೆಳೆ ಕೀಳಲು ಯಾರಿಗೆ ಮನಸ್ಸು ಬರುತ್ತದೆ? ಇನ್ನೂ ಹದಿನೈದು ದಿನ ನೋಡೋಣ, ಹೂ ಬಂದೀತು ಎಂದರು.

*

ಎಳ್ಳ ಅಮಾವಾಸ್ಯೆಯ ದಿನ ನೀಲಗಂಗಾ ಒಬ್ಬಳೇ ತವರಿಗೆ ಹೋದಳು. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಕಟ್ಟಿಕೊಂಡು ಊರೆಲ್ಲ ಹೊಲಕ್ಕೆ ಹೋಗಿ ಭೂಮ್ತಾಯಿಗೆ ಚರಗವೆಂದು ಎಡೆ ಚೆಲ್ಲುವ ದಿನ. ಕಾಯಿ ತುಂಬಿದ ತೊಗರಿಯ ನಡುವೆ ಉಣ್ಣಬೇಕಾದ ಹಬ್ಬ. ಜನ ಬಂದಿದ್ದರು, ಬದುಗಳ ಮೇಲೆ ಕುಳಿತಿದ್ದರು, ಮಕ್ಕಳೂ ಗದ್ದಲ ಮಾಡುತ್ತಿರಲಿಲ್ಲ. ಮಲ್ಕಣ್ಣ ಹೊಲದ ಅಂಚಿನಲ್ಲಿ ನಿಂತಿದ್ದ. ಅವ್ವ ಬುಟ್ಟಿ ಮುಂದಿಟ್ಟುಕೊಂಡು ಕುಳಿತಿದ್ದಳು.

“ಒಬ್ಬಾಕೇ ಬಂದೀ? ರೇವಣಸಿದ್ದ, ಭಾಗು ಎಲ್ಲಿ?”

“ಅಣ್ಣಾ, ಮೊದಲ ನನ್ನ ಮಾತು ಕೇಳು. ಬೆಳಿ ಕೀಳಬೇಕು.”

“ಅದನ್ನ ಹೇಳಾಕ ಬಂದೀ? ಆದೇಶದ ಚೀಟಿ ನಮಗೂ ಬಂದದ. ಕೀಳಂಗಿಲ್ಲ. ರೋಗ ಇಲ್ಲ ಅಂತ ಮೂರು ಸಲ ಹೇಳಿದ ಮಂದಿ, ಈಗ ಅದ ಅಂದ್ರ ಯಾರ್ ನಂಬ್ತಾರ? ರೋಗ ಎಲ್ಲದ ತೋರಿಸು.”

ಅವಳು ಒಂದು ಚಿಗುರು ಮುರಿದು ಅವನ ಕೈಗೆ ಕೊಟ್ಟಳು. “ಸೂರ್ಯಾಗ ಎದುರ ಹಿಡೀಬ್ಯಾಡ. ಮಗ್ಗಲಾಗಿ ಹಿಡಿ. ಎಲಿ ನೋಡಬ್ಯಾಡ, ನರದ ನಡುವ ನೋಡು. ಸಾವಕಾಶ ತಿರುವು.”

“ಏನೂ ಇಲ್ಲ.”

“ಇನ್ನ ಸ್ವಲ್ಪ.”

ಅವನು ಕಣ್ಣು ಕಿರಿದು ಮಾಡಿ ತಿರುಗಿಸಿದ. ಬಹಳ ಹೊತ್ತು ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಆಮೇಲೆ ತಿರುಗಿಸುವ ಕೈ ನಿಂತಿತು. ಅವನೇ ಇನ್ನೊಂದು ಚಿಗುರು ಮುರಿದ. ಪಕ್ಕದ ಗಿಡದಿಂದ ಮತ್ತೊಂದು. ಸಾಲಿನುದ್ದಕ್ಕೂ ಚಿಗುರು ಮುರಿದು ನೋಡುತ್ತ ನೋಡುತ್ತ ಇಪ್ಪತ್ತು ಹೆಜ್ಜೆ ಹೋಗಿ ತಿರುಗಿ ಬಂದ.

“ಎಲ್ಲಾದ್ರಾಗೂ ಅದ.”

“ಹೂಂ.”

“ಇಷ್ಟ ಚಂದ ಕಾಣೋದು ಆ ಮಷೀನಿಗಿ ಯಾಕ ಕಾಣಲಿಲ್ಲ?”

ನೀಲಗಂಗಾ ಹೇಳಿದಳು. ಈ ಸಲ ಮುಚ್ಚಿಡಲು ಏನೂ ಉಳಿದಿರಲಿಲ್ಲ. ಕೊನೆಗೆ, “ನೀ ಹಾಕಲೇನು ಅಂತ ಕೇಳಿದಾಗ ಎಲ್ಲಾ ಎಲಿ ನೋಡೀನಿ ಅಂದಿದ್ದೆ. ನೋಡಿದ್ದೆ ಅಣ್ಣಾ. ಇದನ್ನೂ ನೋಡಿದ್ದೆ” ಎಂದಳು.

ಮಲ್ಕಣ್ಣ ಅವಳ ಕಡೆ ನೋಡಲಿಲ್ಲ. ಅವ್ವ ಬುಟ್ಟಿಯ ಮೇಲಿನ ಬಟ್ಟೆಯನ್ನು ಮಡಚುತ್ತ, ಬಿಚ್ಚುತ್ತ ಕುಳಿತಿದ್ದಳು.

“ಆಗ ಕೂಸಿಗಿ ರಕ್ತ ಕೊಟ್ಟಾಂವ ನಾನೇ ಅಲ್ಲ?” ಎಂದ ಕೊನೆಗೆ.

“ಹೌದು.”

“ಅವತ್ತ ನಿನ್ನ ತೊಡಿ ಮ್ಯಾಲ ಅದೇನೋ ಇತ್ತು. ಇಂಥಾ ಹೊತ್ತಿನ್ಯಾಗೂ ಕೆಲಸಾ ಮಾಡ್ತಾಳಲ್ಲ ಅಂತ ನನಗ ಸಿಟ್ಟು ಬಂದಿತ್ತು.” ಅವನು ಕೈಯ ಚಿಗುರನ್ನು ನೆಲಕ್ಕೆ ಎಸೆದ. “ಈಗೂ ಸಿಟ್ಟು ಬಂದದ ನೀಲಾ. ಭಾಳ ಬಂದದ. ಊರ ಮಂದಿಗಿ ನಾ ಹಾಕಸೀನಿ. ಅವ್ರಿಗಿ ಏನ್ ಹೇಳ್ಲಿ?”

“ನಾ ಹೇಳ್ತೀನಿ.”

“ನೀ ಹೇಳಿದ್ರ ಇಲ್ಲೇ ಹೂಳ್ತಾರ ನಿನ್ನ.”

ಅವನು ಧೋತರ ಎತ್ತಿ ಕಟ್ಟಿ, ಮೊದಲ ಗಿಡದ ಬುಡಕ್ಕೆ ಎರಡೂ ಕೈ ಹಾಕಿ ಜಗ್ಗಿದ. ತೊಗರಿಯ ಬೇರು ಆಳಕ್ಕೆ ಹೋಗುವಂಥದು, ಅಲುಗಲಿಲ್ಲ. ಮತ್ತೆ ಜಗ್ಗಿದ. ಅಂಗೈ ಸುಲಿಯಿತು.

“ಒಬ್ಬನ ಕೈಲೆ ಆಗಂಗಿಲ್ಲ. ಹಿಡಿ” ಎಂದ ಸಿಟ್ಟಿನಿಂದಲೇ.

ಅವಳು ಹಿಡಿದಳು. ಗಿಡ ಕಪ್ಪು ಹೆಂಟೆಯ ಸಮೇತ ಕಿತ್ತು ಬಂದು ಇಬ್ಬರೂ ಹಿಂದಕ್ಕೆ ಮುಗ್ಗರಿಸಿದರು. ಎರಡನೆಯದನ್ನು ಹಿಡಿದರು, ಮೂರನೆಯದನ್ನು ಹಿಡಿದರು. ಹತ್ತೋ ಹನ್ನೆರಡೋ ಕಿತ್ತಿರಬೇಕು, ಬದುವಿನಾಚೆಯಿಂದ ಯಾರೋ ಚೀರಿದರು. ಪಕ್ಕದ ಹೊಲದ ಶಾಂತಪ್ಪ ಊಟ ಬಿಟ್ಟು ಎದ್ದು ಓಡಿಬಂದಿದ್ದ.

“ಏ ಮಲ್ಕಣ್ಣಾ, ಹಬ್ಬದ ದಿನ ಹಸರ ಬೆಳಿ ಕೀಳ್ತೀಯಲ್ಲೋ, ಹುಚ್ಚ ಹಿಡದದೇನು ನಿನಗ?”

ಬೇರೆ ಬದುಗಳಿಂದಲೂ ಜನ ಏಳತೊಡಗಿದರು. ಮಲ್ಕಣ್ಣ ಮೈಯ ಮಣ್ಣು ಕೊಡವಿಕೊಂಡು, ಶಾಂತಪ್ಪನ ಹೊಲಕ್ಕೇ ನಡೆದು, ಅವನದೇ ಗಿಡದಿಂದ ಒಂದು ಚಿಗುರು ಮುರಿದ.

“ಬಾ ಇಲ್ಲಿ” ಎಂದ. “ಸೂರ್ಯಾಗ ಎದುರ ಹಿಡೀಬ್ಯಾಡ. ಮಗ್ಗಲಾಗಿ ಹಿಡಿ.”

ಜನ ಅವರಿಬ್ಬರ ಸುತ್ತ ಕೂಡುತ್ತಿದ್ದರು. ನೀಲಗಂಗಾ ಆ ಕಡೆ ಹೋಗಲೋ ಬೇಡವೋ ಎಂದು ಒಂದು ಗಳಿಗೆ ನಿಂತಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದಿನ ಗಿಡದ ಬುಡಕ್ಕೆ ಕೈ ಹಾಕಿದಳು. ಬರಲಿಲ್ಲ. ಅವ್ವ ಬುಟ್ಟಿ ಬದಿಗಿಟ್ಟು, ಮೊಣಕಾಲು ಹಿಡಿದುಕೊಂಡು ಎದ್ದು, ಅವಳ ಪಕ್ಕ ಬಂದು ಬಗ್ಗಿದಳು.